ಡಿಕ್ಲರೇಶನ್ ಕೊಟ್ಟವರು, ಕೊಡದೆ ಉಳಿದವರು

ಜುಮಾ ನಮಾಝ್ ಮುಗಿದ ಬಳಿಕ ಕರಾವಳಿಯ ಹಳ್ಳಿಯೊಂದರ ಮಸೀದಿ ಅಂಗಳದಲ್ಲಿ ಹಿರಿಯರೊಂದಿಗೆ ಸ್ವಲ್ಪ ಹೊತ್ತು ಕುಳಿತರೆ, ಜಾಗದ ವಿಷಯ ಬಂದಾಗ ಒಂದು ಮಾತು ಕಿವಿಗೆ ಬೀಳುತ್ತದೆ: "ಅದು ಡಿಕ್ಲರೇಶನ್‌ನಲ್ಲಿ ಸಿಕ್ಕಿದ್ದು." ಈ ಮಾತು ಕೇಳುತ್ತಲೇ ಬೆಳೆದ ನಮ್ಮ ಮಕ್ಕಳಿಗೆ ಅದರ ಅರ್ಥ ಮಾತ್ರ ತಿಳಿದಿಲ್ಲ. ತಾವು ಆಡಿ ಬೆಳೆದ ಹಿತ್ತಲು ಅಜ್ಜನ ಕಾಲದಲ್ಲಿ ಬೇರೊಬ್ಬರದ್ದಾಗಿತ್ತು, ಒಂದು ಕಾನೂನು ಮತ್ತು ಒಂದು ಅರ್ಜಿಯಿಂದ ಅದು ತಮ್ಮದಾಯಿತು ಎಂಬುದನ್ನು ಅವರಿಗೆ ಯಾರೂ ಕುಳ್ಳಿರಿಸಿ ಹೇಳಿಲ್ಲ. ಸರಕಾರದ ನೀತಿಯಿಂದ ಬಡವನಿಗೆ ಏನಾಗುತ್ತದೆ ಎಂದು ನಿರಾಶೆಯಿಂದ ಕೇಳುವವರು ನಮ್ಮಲ್ಲಿ ಇಂದು ಹೆಚ್ಚು. ಆದ್ದರಿಂದ ಈ ಕಥೆಯನ್ನು ಮತ್ತೊಮ್ಮೆ ಹೇಳಬೇಕೆನಿಸಿತು.

ಭೂಸುಧಾರಣೆಗೆ ಮೊದಲು ದಕ್ಷಿಣ ಕನ್ನಡದ ಭೂಮಿಯ ಬಹುಭಾಗ ಗೇಣಿಯ ಮೇಲೆ ನಡೆಯುತ್ತಿತ್ತು. ಭೂಮಿ ಧಣಿಯದ್ದು, ದುಡಿಮೆ ಒಕ್ಕಲಿನದ್ದು. ಮೂಲಗೇಣಿದಾರನಿಗೆ ಭೂಮಿಯ ಮೇಲೆ ಶಾಶ್ವತ ಹಕ್ಕಿತ್ತು, ಅವನನ್ನು ಸುಲಭವಾಗಿ ಎಬ್ಬಿಸುವಂತಿರಲಿಲ್ಲ. ಚಾಲಗೇಣಿದಾರನಿಗೆ ಅಂತಹ ಯಾವ ಭದ್ರತೆಯೂ ಇರಲಿಲ್ಲ. ಧಣಿ ಹೇಳಿದ ದಿನ ಅವನು ಗದ್ದೆ ಬಿಡಬೇಕು, ಗದ್ದೆಯ ಬದಿಯ ಮನೆಯನ್ನೂ ಬಿಡಬೇಕು. ಗೇಣಿಯನ್ನು ಅಕ್ಕಿ ಮುಡಿಗಳ ಲೆಕ್ಕದಲ್ಲಿ ಅಳೆದು ಕೊಡಬೇಕಿತ್ತು. ಮಳೆ ಕೈಕೊಟ್ಟ ವರ್ಷವೂ ಮುಡಿಯ ಲೆಕ್ಕ ಕಡಿಮೆಯಾಗುತ್ತಿರಲಿಲ್ಲ. ಉಳಿದ ಬಾಕಿ ಮುಂದಿನ ವರ್ಷದ ಸಾಲವಾಗುತ್ತಿತ್ತು. ನಾಳೆ ಬಿಟ್ಟು ಹೋಗಬೇಕಾದ ನೆಲದಲ್ಲಿ ತೆಂಗಿನ ಸಸಿ ನೆಡಲು ಯಾರಿಗೆ ಮನಸ್ಸು ಬಂದೀತು? ಬಡತನ ತಂದೆಯಿಂದ ಮಗನಿಗೆ ದಾಟುತ್ತಿದ್ದುದು ಹೀಗೆ. ಅದು ಸೋಮಾರಿತನದ ಫಲವಾಗಿರಲಿಲ್ಲ, ವ್ಯವಸ್ಥೆಯ ಫಲವಾಗಿತ್ತು.

ಬಿಲ್ಲವರು, ಬಂಟರು, ಕ್ರೈಸ್ತರು, ನಮ್ಮ ಬ್ಯಾರಿಗಳು, ಎಲ್ಲರಲ್ಲಿಯೂ ಗೇಣಿ ಒಕ್ಕಲುಗಳಿದ್ದರು. ಧಣಿಗಳೂ ಒಂದೇ ಜಾತಿಗೆ, ಒಂದೇ ಧರ್ಮಕ್ಕೆ ಸೇರಿದವರಾಗಿರಲಿಲ್ಲ. ಇದನ್ನು ನಾವು ಮರೆಯಬಾರದು. ಹಸಿವಿಗೆ ಜಾತಿಯಿರಲಿಲ್ಲ, ಅದನ್ನು ನೀಗಿಸಲು ಬಂದ ಕಾನೂನೂ ಜಾತಿ ಕೇಳಲಿಲ್ಲ.

ಕಾನೂನು ತಾನಾಗಿಯೇ ಬರಲಿಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಭತ್ತ ಅಳೆಯುವ ಕೊಳಗದ ವಿಷಯದಲ್ಲಿ ಧಣಿಗಳನ್ನು ಎದುರಿಸಿದರು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು. ಡಾ. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಕರಾವಳಿಯಲ್ಲಿ ಬಿ. ವಿ. ಕಕ್ಕಿಲ್ಲಾಯರಂತಹ ಕಮ್ಯುನಿಸ್ಟ್ ನಾಯಕರು ಗೇಣಿದಾರರನ್ನು ಸಂಘಟಿಸಿದರು. ಬಿ. ಡಿ. ಜತ್ತಿ ಸಮಿತಿಯ ವರದಿಯ ಆಧಾರದಲ್ಲಿ 1961ರ ಭೂಸುಧಾರಣಾ ಕಾಯಿದೆ ರೂಪುಗೊಂಡು 1965ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಆದರೆ ಅದರಲ್ಲಿ ದೊಡ್ಡ ತೂತೊಂದಿತ್ತು. ಸ್ವಂತ ಸಾಗುವಳಿಗೆ ಬೇಕೆಂದು ಹೇಳಿ ಒಡೆಯನು ಭೂಮಿಯನ್ನು ಮರಳಿ ಪಡೆಯಬಹುದಿತ್ತು. ಬಡವನ ರಕ್ಷಣೆಗೆಂದು ಬಂದ ಕಾಯಿದೆಯ ಹೆಸರಿನಲ್ಲಿಯೇ ಒಕ್ಕಲುಗಳನ್ನು ಎಬ್ಬಿಸಲು ದಾರಿಯಾಯಿತು. ಒಳ್ಳೆಯ ಉದ್ದೇಶವೊಂದೇ ಸಾಲದು ಎಂಬುದಕ್ಕೆ ಇದು ಮೊದಲ ಪಾಠ.

1972ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾದರು. ಅವರ ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಆ ದಿನ ಗೇಣಿಯಲ್ಲಿದ್ದ ಭೂಮಿಯೆಲ್ಲ ಸರಕಾರದ ವಶವಾಯಿತು. ಸಾಗುವಳಿ ಮಾಡುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಹಕ್ಕು ಕೇಳಬೇಕು. ನಮ್ಮವರು 'ಡಿಕ್ಲರೇಶನ್' ಎಂದು ಕರೆದದ್ದು ಇದನ್ನೇ. "ಉಳುವವನೇ ಹೊಲದೊಡೆಯ" ಎಂಬ ಘೋಷಣೆ ಹಳ್ಳಿಹಳ್ಳಿಯನ್ನು ತಲುಪಿತು.

ಈ ಕಾನೂನಿನ ಬಲವೆಲ್ಲ ಅದು ನಡೆದ ರೀತಿಯಲ್ಲಿತ್ತು. ಅರ್ಜಿಗಳನ್ನು ಸಿವಿಲ್ ಕೋರ್ಟಿಗೆ ಬಿಡದೆ ಭೂ ನ್ಯಾಯಮಂಡಳಿಗಳನ್ನು ರಚಿಸಲಾಯಿತು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು. ಅವರೊಂದಿಗೆ ಸರಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು. ವಕೀಲರು ವಾದಿಸಲು ಬರುವಂತಿರಲಿಲ್ಲ. ಹಣವಿದ್ದವನು ದೊಡ್ಡ ವಕೀಲನನ್ನು ಹಿಡಿದು ವರ್ಷಗಟ್ಟಲೆ ಎಳೆಯಬಾರದೆಂಬುದು ಇದರ ಹಿಂದಿನ ಆಲೋಚನೆ. (ಈ ನಿರ್ಬಂಧ ಮುಂದೆ ನ್ಯಾಯಾಲಯದಲ್ಲಿ ಉಳಿಯಲಿಲ್ಲ.) ಚಾಲಗೇಣಿಗೆ ಹೆಚ್ಚಾಗಿ ಕಾಗದಪತ್ರವೇ ಇರುತ್ತಿರಲಿಲ್ಲ, ಕೊಟ್ಟ ಗೇಣಿಗೆ ರಶೀದಿಯೂ ಇರುತ್ತಿರಲಿಲ್ಲ. ಆದ್ದರಿಂದ ನೆರೆಯವರ ಸಾಕ್ಷಿಗೆ ಬೆಲೆ ಬಂತು. ಓದುಬರಹ ತಿಳಿಯದ ಒಕ್ಕಲು ಧಣಿಯ ಎದುರು ನಿಂತು, "ಈ ಗದ್ದೆಯನ್ನು ಉತ್ತವನು ನಾನು" ಎಂದು ಜೀವನದಲ್ಲಿ ಮೊದಲ ಬಾರಿಗೆ ಹೇಳಿದನು. ಆ ಧೈರ್ಯವೂ ಈ ಕಾನೂನಿನ ಕೊಡುಗೆಯೇ.

ಅರ್ಜಿ ಕೊಡುವ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿ ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಲಾಯಿತು. ರಾಜ್ಯದಲ್ಲಿ ಬಂದ ಅರ್ಜಿಗಳು ಸುಮಾರು 8 ಲಕ್ಷ. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನವಾದವು. ಹೀಗೆ ಬಂದ ಭೂಮಿಯನ್ನು 15 ವರ್ಷ ಮಾರುವಂತಿರಲಿಲ್ಲ. ಆದರೆ ಅದನ್ನು ಅಡವಿಟ್ಟು ಬ್ಯಾಂಕು, ಸಹಕಾರಿ ಸಂಘಗಳಿಂದ ಸಾಲ ಪಡೆಯಬಹುದಿತ್ತು. ಕೊಟ್ಟದ್ದು ಮರುದಿನವೇ ಸಾಹುಕಾರನ ಕೈಸೇರದಂತೆ ಹಾಕಿದ ಬೇಲಿ ಅದು. ಗದ್ದೆ ತನ್ನದಾದವನು ಬಾವಿ ತೋಡಿದ, ಅಡಿಕೆ ನೆಟ್ಟ. ಗೇಣಿಗೆ ಹೋಗುತ್ತಿದ್ದ ಅಕ್ಕಿ ಮನೆಯಲ್ಲಿ ಉಳಿಯಿತು. ಮಕ್ಕಳನ್ನು ಶಾಲೆಗೆ ಕಳುಹಿಸಲು ಅದೂ ಒಂದು ಆಸರೆಯಾಯಿತು.

ಮಸೀದಿ, ದೇವಸ್ಥಾನ, ಚರ್ಚುಗಳ ಗೇಣಿ ಭೂಮಿಯೂ ಒಕ್ಕಲುಗಳ ಪಾಲಾಯಿತು. ಸಂಸ್ಥೆಗಳಿಗೆ ಪ್ರತಿಯಾಗಿ ವರ್ಷಾಶನ ಗೊತ್ತಾಯಿತು. ಆದಾಯ ಕಳೆದುಕೊಂಡ ಬೇಸರ ಕೆಲವರಲ್ಲಿ ಇಂದಿಗೂ ಇದೆ. ಆ ನಷ್ಟವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಬೇರೆಯವರ ಭೂಮಿ ನಮಗೆ ಬಂದಾಗ ಅದನ್ನು ನ್ಯಾಯವೆಂದು, ನಮ್ಮದು ಹೋದಾಗ ಅನ್ಯಾಯವೆಂದು ಕರೆಯುವುದು ಸರಿಯಲ್ಲ.

ಇನ್ನು ಈ ಕಥೆಯ ಇನ್ನೊಂದು ಮಗ್ಗುಲನ್ನು ನೋಡೋಣ. ಡಿಕ್ಲರೇಶನ್ ಕೊಡದೆ ಉಳಿದವರೂ ಇದ್ದರು. ಧಣಿಯ ಉಪ್ಪು ತಿಂದು ಅವರ ಮೇಲೆ ಅರ್ಜಿ ಕೊಡುವುದೇ ಎಂದು ಹಿಂಜರಿದವರು, ಹೆದರಿದವರು, ಬಾಯಿಮಾತಿನ ಭರವಸೆ ನಂಬಿದವರು, ಕಡೆಯ ದಿನಾಂಕವೇ ತಿಳಿಯದವರು. ಇಬ್ಬರು ನೆರೆಯವರು, ಒಂದೇ ಧಣಿ, ಒಂದೇ ಗೇಣಿ. ಅರ್ಜಿ ಬರೆಸಿದವನ ಮೊಮ್ಮಕ್ಕಳಿಗೆ ಇಂದು ತೋಟವಿದೆ. ಬರೆಸದವನ ಮೊಮ್ಮಕ್ಕಳು ಬಾಡಿಗೆ ಮನೆಯಲ್ಲಿದ್ದಾರೆ. ಕಾನೂನು ಇಬ್ಬರಿಗೂ ಒಂದೇ ಆಗಿತ್ತು, ತಲುಪಿದ್ದು ಮಾತ್ರ ಒಬ್ಬನನ್ನು.

ಗೇಣಿಯೂ ಇಲ್ಲದೆ ಕೇವಲ ಕೂಲಿಗೆ ದುಡಿದವನಿಗೆ ಗದ್ದೆ ಸಿಗಲಿಲ್ಲ. ಅವರಲ್ಲಿ ದಲಿತರು ಬಹಳ ಮಂದಿ. ಅವರು ವಾಸವಾಗಿದ್ದ ಮನೆಯ ಅಡಿಯ ನೆಲಕ್ಕೆ ಕಾನೂನು ಹಕ್ಕು ಕೊಟ್ಟಿತು ನಿಜ, 1976ರ ಋಣ ಪರಿಹಾರ ಕಾಯಿದೆ ಸಾಲದಿಂದ ಬಿಡಿಸಿತು ನಿಜ. ಆದರೂ ಅವರು ಉತ್ತ ನೆಲ ಅವರದ್ದಾಗಲಿಲ್ಲ. ಕಾಫಿ, ಏಲಕ್ಕಿ, ರಬ್ಬರ್ ತೋಟಗಳಿಗೆ ವಿನಾಯಿತಿ ಸಿಕ್ಕಿತು. ಹಕ್ಕುಪತ್ರ ಹೆಚ್ಚಾಗಿ ಮನೆಯ ಗಂಡಸಿನ ಹೆಸರಿನಲ್ಲಿ ಬಂತು. ಅದೇ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ನೇಜಿ ನೆಟ್ಟ ಹೆಂಗಸಿನ ಹೆಸರು ಅದರಲ್ಲಿ ಇರಲಿಲ್ಲ. ಡಿಕ್ಲರೇಶನ್ ಜಾಗವನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುವಾಗ ಅಕ್ಕತಂಗಿಯರ ಪಾಲನ್ನು ನಾವು ಕೊಟ್ಟಿದ್ದೇವೆಯೇ? ಧಣಿಯಿಂದ ನ್ಯಾಯ ಕೇಳಿದ ನಾವು ಮನೆಯೊಳಗೆ ಧಣಿಗಳಾಗಬಾರದು.

ಈ ಇತಿಹಾಸ ಹೇಳುವುದು ಇಷ್ಟು. ಅಸಮಾನತೆ ಹಣೆಬರಹವಲ್ಲ, ಸರಿಯಾದ ನೀತಿ ಒಂದೇ ತಲೆಮಾರಿನಲ್ಲಿ ಅದನ್ನು ಕಡಿಮೆ ಮಾಡಬಲ್ಲದು. ಆದರೆ ಕಾನೂನು ತಾಲೂಕು ಕಚೇರಿಯ ತನಕ ಬರುತ್ತದೆ, ಅಲ್ಲಿಂದ ಬಡವನ ಮನೆಯ ತನಕ ಅದನ್ನು ಯಾರಾದರೂ ಕರೆತರಬೇಕು. ಅಂದು ಆ ಕೆಲಸ ಮಾಡಿದವರು ಅರ್ಜಿ ಬರೆದುಕೊಟ್ಟ ಶಾಲಾ ಮಾಸ್ತರರು, ಸಂಘದ ಕಾರ್ಯಕರ್ತರು, ಸಾಕ್ಷಿ ಹೇಳಿದ ನೆರೆಯವರು.

ಇಂದು ವಿದ್ಯಾರ್ಥಿವೇತನ, ವಿಧವಾ ವೇತನ, ವಸತಿ ಯೋಜನೆ ಎಲ್ಲಕ್ಕೂ ಅರ್ಜಿಯಿದೆ, ಕೆಲವಕ್ಕೆ ಕಡೆಯ ದಿನಾಂಕವೂ ಇದೆ. ನಮ್ಮ ಜಮಾಅತ್‌ಗಳಲ್ಲಿ ಓದಿದ ಯುವಕ ಯುವತಿಯರಿಗೆ ಕೊರತೆಯಿಲ್ಲ. ವಾರಕ್ಕೊಂದು ದಿನ ಎರಡು ಗಂಟೆ ಅವರು ಕುಳಿತು, ಯಾವ ಧರ್ಮದವರೇ ಬರಲಿ, ಅರ್ಜಿ ತುಂಬಿಕೊಟ್ಟರೆ ಸಾಕು. ಐವತ್ತು ವರ್ಷಗಳ ಹಿಂದೆ ಯಾರೋ ನಮ್ಮ ಅಜ್ಜನ ಹೆಬ್ಬೆಟ್ಟನ್ನು ನಮೂನೆ 7ರ ಮೇಲೆ ಒತ್ತಿಸಿದ್ದರು. ಆ ಋಣ ನಮ್ಮ ಮೇಲಿದೆ.