ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ಅಡಗಿದ್ದ ಊರು

ಓ, ಆರ್, ಇ. ಈ ಮೂರು ಅಕ್ಷರಗಳು ಎಷ್ಟೋ ಇಂಗ್ಲಿಷ್ ಪದಗಳ ಕೊನೆಯಲ್ಲಿ ಒಟ್ಟಿಗೆ ಬರುತ್ತವೆ. ಸ್ಟೋರ್ ಎಂದರೆ ಅಂಗಡಿ, ಶೋರ್ ಎಂದರೆ ದಡ, ಸೋರ್ ಎಂದರೆ ಹುಣ್ಣು. ಬರೀ ಓರ್ ಎಂದರೆ ಅದಿರು. ಅಕ್ಷರಗಳು ಒಂದೇ ಆದರೂ ಈ ಪದಗಳಿಗೆ ಒಂದಕ್ಕೊಂದು ನಂಟಿಲ್ಲ. ಅದೇ ಮೂರು ಅಕ್ಷರಗಳು ಬ್ಯಾಂಗಲೋರ್, ಮೈಸೋರ್, ಮ್ಯಾಂಗಲೋರ್ ಎಂಬ ಹೆಸರುಗಳ ಕೊನೆಯಲ್ಲೂ ಇದ್ದವು. ಅಲ್ಲಿ ಮಾತ್ರ ಮೂರೂ ಕಡೆ ಅರ್ಥ ಒಂದೇ, ಊರು.

ಬ್ರಿಟಿಷರ ಕಾಗದಪತ್ರಗಳಲ್ಲಿ ನಮ್ಮ ಊರುಗಳಷ್ಟೇ ಅಲ್ಲ, ತಮಿಳರ ವೆಲ್ಲೂರು, ತೆಲುಗರ ನೆಲ್ಲೂರು, ಮಲಯಾಳಿಗಳ ಕಣ್ಣೂರು ಕೂಡ 'ಓರ್' ಆದವು. ಹಾಗೆಂದು ಎಲ್ಲ ಓರ್ ಊರಲ್ಲ. ಸಿಂಗಾಪೋರ್ ಹೆಸರಿನಲ್ಲಿರುವುದು ಸಂಸ್ಕೃತದ ಪುರ, ಅದು ಸಿಂಹಪುರ. ನಮ್ಮ ಕೀನ್ಯಾದ ಎಲ್ಡೊರೆಟ್ ಹೆಸರಿನ ನಡುವೆಯೂ ಈ ಮೂರು ಅಕ್ಷರಗಳಿವೆ. ಅದು ಕಲ್ಲಿನ ನದಿ ಎಂಬ ಅರ್ಥದ ಮಸಾಯ್ ಪದದಿಂದ ಬಂತೆಂದು ಹೇಳುತ್ತಾರೆ. ತಮಾಷೆಯೆಂದರೆ, ನಿಜವಾಗಿ ಕಬ್ಬಿಣದ ಅದಿರು ಸಿಗುವ ಸಂಡೂರಿನ ಇಂಗ್ಲಿಷ್ ಹೆಸರಿನಲ್ಲಿ ಓರ್ ಇಲ್ಲವೇ ಇಲ್ಲ! (ನಾವಿರುವ ರುಂಡಾ ಬಡಾವಣೆಯ ಹೆಸರು ಕೇಳಿದರೆ ಕನ್ನಡಿಗರಿಗೆ ಕಡಿದ ತಲೆ ನೆನಪಾಗುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅಜ್ಜಿಗೆ ಪ್ರತಿ ಸಲ ಹೇಳಬೇಕು.)

ಬೆಂಗಳೂರಿನ 'ಊರು' ಎಷ್ಟು ಹಳೆಯದು? ವೀರಬಲ್ಲಾಳ ರಾಜನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟ ಕಥೆ ನಮಗೆಲ್ಲ ಗೊತ್ತು. ಆ ರಾಜ ಆಳಿದ್ದು 12ನೇ ಶತಮಾನದ ಕೊನೆಯಲ್ಲಿ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 890ರ ಶಾಸನವೊಂದಿದೆ. ಬೆಂಗಳೂರು ಕಾಳಗದಲ್ಲಿ ಒಬ್ಬ ಸತ್ತ ಸುದ್ದಿ ಅದರಲ್ಲಿದೆ. ಅಂದರೆ ಹೆಸರು ಕಥೆಗಿಂತ ಸುಮಾರು 300 ವರ್ಷ ಹಳೆಯದು, ಕೆಂಪೇಗೌಡರ 1537ರ ಕೋಟೆಗಿಂತ 600 ವರ್ಷಕ್ಕೂ ಹೆಚ್ಚು ಹಳೆಯದು.

ಇಂಗ್ಲಿಷಿನಲ್ಲೂ ಊರನ್ನು ಊರೆಂದೇ ಬರೆಯಬೇಕೆಂದು ಸಾಹಿತಿ ಯು.ಆರ್. ಅನಂತಮೂರ್ತಿಯವರು 2006ರ ಸುವರ್ಣ ಕರ್ನಾಟಕ ವರ್ಷಕ್ಕೆ ಮುನ್ನ ಸಲಹೆ ಕೊಟ್ಟರು. ಅದು ಜಾರಿಗೆ ಬಂದದ್ದು 2014ರ ನವೆಂಬರ್ 1ರಂದು. ಅವರು ಅದೇ ವರ್ಷ ಆಗಸ್ಟ್ 22ರಂದು ತೀರಿಕೊಂಡಿದ್ದರು. ಅಂದು ಒಟ್ಟು 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಹಾಸ್ಪೆಟ್ ಹೊಸಪೇಟೆಯಾಯಿತು. ಅಲ್ಲಿಯವರೆಗೆ ಆ ಹೆಸರಿನ ಕೊನೆಯಲ್ಲಿ ಸಾಕುಪ್ರಾಣಿ ಎಂಬ ಅರ್ಥದ 'ಪೆಟ್' ಕೂತಿತ್ತು!

ಇದೆಲ್ಲ ದಂಡದ ಖರ್ಚು, ಬೋರ್ಡು ಬದಲಾಯಿಸಿದರೆ ಏನು ಬಂತು ಎನ್ನುವವರಿದ್ದಾರೆ. ಅವರ ಮಾತಿನಲ್ಲೂ ಅರ್ಥವಿದೆ. ಕನ್ನಡದಲ್ಲಿ ಬೆಂಗಳೂರು ಮೊದಲೂ ಬೆಂಗಳೂರೇ, 2014ರಲ್ಲಿ ಅದರ ಒಂದಕ್ಷರವೂ ಬದಲಾಗಲಿಲ್ಲ. ಅಲ್ಲಿ ಬೆಳೆದವರಿಗೆ ಹೊಸದೇನೂ ಸಿಗಲಿಲ್ಲ. ಆದರೆ ನನ್ನಂಥವರು ಮೊದಲು ಓದಲು ಕಲಿಯುವುದು ಇಂಗ್ಲಿಷ್. ಮನೆಗೆ ಬಂದ ಕನ್ನಡಿಗರೆಲ್ಲ ಮೊದಲು ಕೇಳುವ ಪ್ರಶ್ನೆ 'ನಿಮ್ಮ ಊರು ಯಾವುದು?' ಬ್ಯಾಂಗಲೋರ್ ಎಂದಷ್ಟೇ ಓದಿದ ಮಗುವಿಗೆ ಆ ಪ್ರಶ್ನೆಯ ಪದವೇ ಉತ್ತರದಲ್ಲೂ ಇದೆ ಎಂದು ಹೊಳೆಯುವುದಿಲ್ಲ. ಹೊಸ ಕಾಗುಣಿತದಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಆದ್ದರಿಂದ ಆ ಬದಲಾವಣೆ ಬೆಂಗಳೂರಿನಲ್ಲಿ ಇರುವವರಿಗಿಂತ ನೈರೋಬಿಯಲ್ಲಿ ಇರುವ ನಮಗೇ ಹೆಚ್ಚು ಉಪಯೋಗಕ್ಕೆ ಬಂತು ಎಂದು ನನಗನ್ನಿಸುತ್ತದೆ.

ಹಳೆಯ ಕಾಗುಣಿತ ಪೂರ್ತಿ ಹೋಗಿಲ್ಲ. 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್ ಹೆಸರಿನಲ್ಲಿ ಓರ್ ಇನ್ನೂ ಇದೆ. ನಾವು ರಜೆಗೆ ಹೋಗುವಾಗ ಸೂಟ್‌ಕೇಸಿಗೆ ಅಂಟಿಸುವ ಚೀಟಿಯಲ್ಲಿರುವುದು ಬಿ, ಎಲ್, ಆರ್. ಅದರಲ್ಲಿ ಊರಿನದು ಅಂತ ಉಳಿದಿರುವುದು ಆ ಒಂದು ಆರ್ ಮಾತ್ರ.