224 ಮಗ್ಗ, 29 ಜನ

ವಾರಕ್ಕೆ ಎಷ್ಟು ಗಂಟೆ ದುಡಿಯಬೇಕು? ಈ ಒಂದು ಪ್ರಶ್ನೆ ಇಟ್ಟುಕೊಂಡು ರಾತ್ರಿ ಒಂಬತ್ತರ ಚರ್ಚೆ ನಾನು ಎಷ್ಟು ಸಲ ನಡೆಸಿದ್ದೀನೋ ಲೆಕ್ಕ ಇಟ್ಟಿಲ್ಲ. ಪರದೆಯ ಒಂದು ಕಿಟಕಿಯಲ್ಲಿ ಉದ್ಯಮಿ, ಇನ್ನೊಂದರಲ್ಲಿ ಕಾರ್ಮಿಕ ಮುಖಂಡರು, ಮತ್ತೊಂದರಲ್ಲಿ ಮನೋವೈದ್ಯರು, ಕೊನೆಯದರಲ್ಲಿ ಎಲ್ಲ ವಿಷಯಕ್ಕೂ ಸಿಗುವ ಒಬ್ಬ ವಿಶ್ಲೇಷಕರು. ಉದ್ಯಮಿ "ಜಪಾನ್ ನೋಡಿ" ಅಂತಾರೆ. ಮುಖಂಡರು "ಇದು ಶೋಷಣೆ" ಅಂತಾರೆ. ದನಿ ಏರುತ್ತೆ, ನಾನು ಮಧ್ಯೆ ಬಾಯಿ ಹಾಕ್ತೀನಿ, ಬ್ರೇಕ್ ಬರುತ್ತೆ.

ಇಷ್ಟೂ ಚರ್ಚೆಗಳಲ್ಲಿ ಒಬ್ಬರಾದರೂ "ಇದನ್ನ ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರಾ?" ಅಂತ ಕೇಳಲಿಲ್ಲ. ಹೋಗಲಿ, ನಾನಾದರೂ ಕೇಳಬೇಕಿತ್ತು. ಎಂಜಿನಿಯರಿಂಗ್ ಓದಿದವನು. ಲ್ಯಾಬ್ ರೆಕಾರ್ಡ್‌ನಲ್ಲಿ ರೀಡಿಂಗ್ ಇಲ್ಲದೆ ರಿಸಲ್ಟ್ ಬರೆದರೆ ನಮ್ಮ ಮೇಷ್ಟ್ರು ಪುಸ್ತಕವನ್ನೇ ಎಸೀತಿದ್ರು. ಸ್ಟುಡಿಯೋದಲ್ಲಿ ಮಾತ್ರ ರೀಡಿಂಗ್ ಇಲ್ಲದ ರಿಸಲ್ಟೇ ನಮ್ಮ ದಿನನಿತ್ಯದ ಊಟ.

ಪರೀಕ್ಷೆ ಆಗಿದೆ. ಅದೂ ಅಮೆರಿಕದಲ್ಲಷ್ಟೇ ಅಲ್ಲ, ನಮ್ಮ ದೇಶದ ಬಟ್ಟೆ ಗಿರಣಿಯೊಳಗೇ ಆಗಿದೆ. ಇವತ್ತು ಆ ಕಥೆ ಹೇಳಬೇಕು.

'ವೈಜ್ಞಾನಿಕ ಆಡಳಿತ' ಅನ್ನೋ ಮಾತು ಶುರುವಾಗಿದ್ದು ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ ಅವರಿಂದ. 1911ರಲ್ಲಿ ಅವರ ಪುಸ್ತಕ ಬಂತು. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂಲಿಯ ಒಂದೊಂದು ಚಲನೆಯನ್ನೂ ಅಳೆದ ಮನುಷ್ಯ. ಬೆತ್ಲೆಹೆಮ್ ಸ್ಟೀಲ್ ಕಂಪನಿಯಲ್ಲಿ ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣದ ಗಟ್ಟಿ ಹೊರುತ್ತಿದ್ದ ಆಳಿನಿಂದ 47 ಟನ್ ಹೊರಿಸಿದೆ ಅಂತ ಅವರು ಹೆಮ್ಮೆಯಿಂದ ಬರೆದುಕೊಂಡರು. ಕೂಲಿ ಎಷ್ಟು ಏರಿತು? 1.15 ಡಾಲರಿನಿಂದ 1.85 ಡಾಲರಿಗೆ. ಕೆಲಸ ಹೆಚ್ಚುಕಮ್ಮಿ ನಾಲ್ಕು ಪಟ್ಟು, ಕೂಲಿ ಎರಡು ಪಟ್ಟೂ ಇಲ್ಲ! ಮುಂದೆ ಇತಿಹಾಸಕಾರರು ಕೆದಕಿ ನೋಡಿದಾಗ ಆ ಕಥೆಯೂ ಟೇಲರ್ ಹೇಳಿದಷ್ಟು ಸಾಚಾ ಅಲ್ಲ ಅಂತ ಗೊತ್ತಾಯ್ತು. ಕಾರ್ಮಿಕ ಸಂಘಗಳಿಗೆ 'ವೈಜ್ಞಾನಿಕ' ಅಂದರೆ ಇವತ್ತಿಗೂ ಮೈ ಉರಿಯೋದಕ್ಕೆ ಕಾರಣ ಇದೆ.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಪ್ಯಾಟ್ರಿಕ್ ಬ್ಲ್ಯಾಕೆಟ್ ವಿಶ್ವಕಿರಣಗಳನ್ನು ಅಧ್ಯಯನ ಮಾಡುತ್ತಿದ್ದ ಭೌತವಿಜ್ಞಾನಿ, 1948ರಲ್ಲಿ ನೊಬೆಲ್ ಪಡೆದವರು. ಯುದ್ಧದ ಹೊತ್ತಿಗೆ ಅವರೂ ಅವರ ಸಂಗಡಿಗರೂ ಸೇನೆಯ ದೈನಂದಿನ ಕೆಲಸಗಳನ್ನೇ ಪ್ರಯೋಗಾಲಯ ಮಾಡಿಕೊಂಡರು. ಒಂದು ಉದಾಹರಣೆ ಸಾಕು. ಜರ್ಮನ್ ಜಲಾಂತರ್ಗಾಮಿಗಳ ಮೇಲೆ ವಿಮಾನದಿಂದ ಎಸೆಯುತ್ತಿದ್ದ ಬಾಂಬು ನೀರಲ್ಲಿ 100 ಅಡಿ ಇಳಿದ ಮೇಲೆ ಸಿಡಿಯುವ ಹಾಗೆ ಇತ್ತು. ವಿಮಾನ ಬರೋದನ್ನ ಕಂಡು ಹಡಗು ಮುಳುಗಿರುತ್ತೆ, ಆಳಕ್ಕೆ ಹೋಗಿರುತ್ತೆ ಅನ್ನೋದು ಸೇನೆಯ ತರ್ಕ. ಇ.ಜೆ. ವಿಲಿಯಮ್ಸ್ ಅನ್ನೋ ಭೌತವಿಜ್ಞಾನಿ ದಾಳಿಯ ವರದಿಗಳನ್ನು ಹರವಿಕೊಂಡು ಕೂತರು. ಹಡಗು ಆಳಕ್ಕೆ ಹೋಗಿದ್ದರೆ ಅದು ಎಲ್ಲಿದೆ ಅಂತಲೇ ಪೈಲಟ್‌ಗೆ ಗೊತ್ತಿರಲ್ಲ, ಬಾಂಬು ಹೇಗೂ ವ್ಯರ್ಥ. ಗುರಿ ಸರಿಯಾಗಿ ಸಿಗೋದು ಹಡಗು ಇನ್ನೂ ಮೇಲೆ ಕಾಣಿಸುತ್ತಿರುವಾಗ. ಆಗ 100 ಅಡಿ ಆಳದಲ್ಲಿ ಸಿಡಿದರೆ ಅದಕ್ಕೆ ಏನೂ ಆಗಲ್ಲ. ಹಂತಹಂತವಾಗಿ ಆಳವನ್ನು 25 ಅಡಿಗೆ ಇಳಿಸಿದರು, ಮುಳುಗುವ ಹಡಗುಗಳ ಸಂಖ್ಯೆ ಏರಿತು. ಹೊಸ ಬಾಂಬೂ ಇಲ್ಲ, ಹೊಸ ವಿಮಾನವೂ ಇಲ್ಲ. ಯುದ್ಧ ಮುಗಿದ ಮೇಲೆ ಈ ವಿದ್ಯೆ 'ಆಪರೇಷನ್ಸ್ ರಿಸರ್ಚ್' ಅನ್ನೋ ಹೆಸರಲ್ಲಿ ಕಂಪನಿಗಳಿಗೆ ಬಂತು. ನಮಗೆ ಏಳನೇ ಸೆಮಿಸ್ಟರ್‌ನಲ್ಲಿ ಪಾಠ ಮಾಡಿದರು. ಬಾಂಬಿನ ಕಥೆ ಹೇಳಲಿಲ್ಲ, ಬರೀ ಕೋಷ್ಟಕ ತುಂಬಿಸಿದರು. ಹೋಗಲಿ ಬಿಡಿ.

ಅದೇ ಯುದ್ಧದ ವರ್ಷಗಳಲ್ಲಿ ಬೆಂಗಳೂರಿನಲ್ಲಿ, ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಇನ್ನೊಬ್ಬ ಯುವಕ ವಿಶ್ವಕಿರಣಗಳನ್ನು ಎಣಿಸುತ್ತಾ ಕೂತಿದ್ದ. ಕೇಂಬ್ರಿಜ್‌ನಲ್ಲಿ ಓದುತ್ತಿದ್ದವನು ಯುದ್ಧದಿಂದಾಗಿ ಮನೆಗೆ ಬಂದು, ಸರ್ ಸಿ.ವಿ. ರಾಮನ್ ಅವರ ಕೈಕೆಳಗೆ ಕೆಲಸ ಹಿಡಿದಿದ್ದ. 1942ರಲ್ಲಿ ಅವನ ಮೊದಲ ಪ್ರಬಂಧ ಬಂತು. ವಿಕ್ರಮ್ ಸಾರಾಭಾಯ್. ಇಸ್ರೋ ಸುದ್ದಿ ಬಂದಾಗಲೆಲ್ಲ ನಾವು ಪರದೆ ಮೇಲೆ ತೋರಿಸುವ ಅದೇ ಫೋಟೋದವರು. ಅವರ ಇನ್ನೊಂದು ಮುಖವನ್ನು ಟಿವಿ ತೋರಿಸಲ್ಲ. ಅದು ಗಿರಣಿಯ ಮುಖ.

ಸಾರಾಭಾಯ್ ಮನೆತನ ಅಹ್ಮದಾಬಾದಿನ ಕ್ಯಾಲಿಕೊ ಗಿರಣಿಯ ಒಡೆತನದ್ದು. ವಿಕ್ರಮ್ ಹುಟ್ಟುವುದಕ್ಕೆ ಒಂದು ವರ್ಷ ಮುಂಚೆ, 1918ರಲ್ಲಿ, ಆ ಊರಲ್ಲಿ ಪ್ರಸಿದ್ಧ ಮುಷ್ಕರ ನಡೀತು. ಪ್ಲೇಗ್ ಕಾಲದಲ್ಲಿ ಕೊಟ್ಟಿದ್ದ ಬೋನಸ್ ನಿಲ್ಲಿಸಿದ್ದಕ್ಕೆ ಜಗಳ. ಮಾಲೀಕರ ಕಡೆ ಮುಂದಾಳು ವಿಕ್ರಮ್ ತಂದೆ ಅಂಬಾಲಾಲ್. ಕಾರ್ಮಿಕರ ಕಡೆ ನಿಂತವರು ಅಂಬಾಲಾಲ್ ಅವರ ಸ್ವಂತ ಅಕ್ಕ ಅನಸೂಯಾ ಸಾರಾಭಾಯ್, ಜೊತೆಗೆ ಗಾಂಧೀಜಿ. ಗಾಂಧೀಜಿಯ ಉಪವಾಸ ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ಅವರು ಮಾಡಿದ ಕೆಲಸ ನೋಡಿ. ಕಾರ್ಮಿಕರು ಕೇಳುತ್ತಿದ್ದುದು ಶೇಕಡಾ 50 ಏರಿಕೆ. ಮಾಲೀಕರು ಶೇಕಡಾ 20 ಅಂದರು. ಗಾಂಧೀಜಿ ಸಂಬಳ, ಬೆಲೆ ಎಲ್ಲ ವಿಚಾರಿಸಿ, ಲೆಕ್ಕ ನೋಡಿ, ನ್ಯಾಯವಾದದ್ದು ಶೇಕಡಾ 35 ಅಂತ ಕಾರ್ಮಿಕರನ್ನೇ ಒಪ್ಪಿಸಿದರು. ಆಮೇಲೆ ಆ ಅಂಕಿಯಿಂದ ಕದಲಲಿಲ್ಲ. ಕೊನೆಗೆ ಪಂಚಾಯ್ತಿಯಲ್ಲಿ ಸಿಕ್ಕಿದ್ದೂ ಅದೇ 35.

ಇಂಥ ಮನೆಯಲ್ಲಿ ಬೆಳೆದ ವಿಕ್ರಮ್ 1947ರಲ್ಲಿ ಎರಡು ಸಂಸ್ಥೆಗಳಿಗೆ ಕೈ ಹಾಕಿದರು. ಒಂದು ಭೌತವಿಜ್ಞಾನದ ಪ್ರಯೋಗಾಲಯ. ಇನ್ನೊಂದು ಗಿರಣಿಗಳೆಲ್ಲ ಸೇರಿ ನಡೆಸುವ ಸಂಶೋಧನಾ ಸಂಘ, ಅಟೀರಾ. ಬಟ್ಟೆ ಉದ್ಯಮದ ಅನುಭವಸ್ಥರನ್ನು ಬಿಟ್ಟು, ಸಂಶೋಧನೆ ಗೊತ್ತಿದ್ದ ಹುಡುಗ ಹುಡುಗಿಯರನ್ನು ಸೇರಿಸಿಕೊಂಡರು. ಗಿರಣಿಯವರು ಹುಬ್ಬೇರಿಸದೆ ಇರ್ತಾರಾ? ನೂಲು ಮುಟ್ಟದವರು ನಮಗೇನು ಹೇಳಿಕೊಡ್ತಾರೆ ಅನ್ನೋ ಪ್ರಶ್ನೆ ಸಹಜ. ಅಷ್ಟಕ್ಕೇ ನಿಲ್ಲದೆ, ಹತ್ತಿ ಮತ್ತು ಯಂತ್ರದ ಜೊತೆಗೆ ಮನುಷ್ಯರನ್ನೂ ಅಧ್ಯಯನ ಮಾಡುವ ವಿಭಾಗ ತೆರೆದು, ಅದನ್ನು ಕಮಲಾ ಚೌಧರಿ ಎಂಬ ಮನಶ್ಶಾಸ್ತ್ರಜ್ಞೆಯ ಕೈಗೆ ಕೊಟ್ಟರು. ಮುಂದೆ 1961ರಲ್ಲಿ ಶುರುವಾದ ಅಹ್ಮದಾಬಾದ್ ಐಐಎಂನ ಮೊದಲ ಅಧ್ಯಾಪಕಿ ಇವರೇ.

ಈಗ ಶೀರ್ಷಿಕೆಯ ಕಥೆಗೆ ಬರೋಣ. 1953. ಕ್ಯಾಲಿಕೊ ಗಿರಣಿ ಆಗ ವಿಕ್ರಮ್ ಅಣ್ಣ ಗೌತಮ್ ಸಾರಾಭಾಯ್ ಕೈಯಲ್ಲಿತ್ತು. ಹೊಸ ಸ್ವಯಂಚಾಲಿತ ಮಗ್ಗಗಳನ್ನು ತಂದು ಒಂದು ಶೆಡ್ ತುಂಬ ಹಾಕಿದ್ದರು. ಎಷ್ಟು ಮಗ್ಗ? 224. ನಮ್ಮ ವೀಕ್ಷಕರಿಗೆ ಈ ಅಂಕಿ ಕೇಳಿದ ತಕ್ಷಣ ವಿಧಾನಸಭೆ ನೆನಪಾಗುತ್ತೆ, ಆದರೆ ಇಲ್ಲಿ ಮ್ಯಾಜಿಕ್ ನಂಬರ್ 113 ಅಲ್ಲ. ದುಬಾರಿ ಯಂತ್ರ ಬಂದರೂ ಉತ್ಪಾದನೆ ಹಳೇ ಮಗ್ಗಗಳಿಗಿಂತ ಮೇಲಾಗಲಿಲ್ಲ. ಬಟ್ಟೆಯಲ್ಲಿ ದೋಷ ಬೇರೆ. ಯಾಕೆ?

ಇಂಥ ಹೊತ್ತಲ್ಲಿ ಮ್ಯಾನೇಜರ್‌ಗಳು ಕೊಡೋ ಉತ್ತರ ನನಗೂ ನಿಮಗೂ ಗೊತ್ತು. ಜನ ಸೋಮಾರಿಗಳು, ಶಿಸ್ತಿಲ್ಲ, ಯೂನಿಯನ್ ಕಾಟ. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯಿಂದ ಬಂದಿದ್ದ ಎ.ಕೆ. ರೈಸ್ ಎಂಬ ಸಂಶೋಧಕ ಶೆಡ್ಡಿನಲ್ಲಿ ನಿಂತು ಯಾರು ಯಾವ ಮಗ್ಗಕ್ಕೆ ಹೋಗ್ತಾರೆ, ಯಾರ ಮಾತು ಯಾರು ಕೇಳ್ತಾರೆ ಅಂತ ಗಮನಿಸಿದರು.

ಹಳೇ ಸಾದಾ ಮಗ್ಗದಲ್ಲಿ ಒಬ್ಬ ನೇಕಾರನಿಗೆ ಎರಡು ಮಗ್ಗ, ಅವುಗಳ ಹೊಣೆ ಅವನದೇ. ಹೊಸ ಶೆಡ್ಡಿನಲ್ಲಿ ಎಂಜಿನಿಯರುಗಳು ಆ ಒಂದು ಕೆಲಸವನ್ನು ಕತ್ತರಿಸಿ 12 ಬಗೆಯ ಹುದ್ದೆ ಮಾಡಿದ್ದರು. ಇದ್ದ ಜನ 29. ಒಬ್ಬ ಎಳೆ ನೋಡಬೇಕು. ಒಬ್ಬ ಬ್ಯಾಟರಿ ತುಂಬಬೇಕು (ಕರೆಂಟಿನ ಬ್ಯಾಟರಿ ಅಲ್ಲ, ಹೊಕ್ಕಿನ ನೂಲಿನ ಕಂಡಿಕೆಗಳನ್ನು ಜೋಡಿಸಿಡುವ ಯಂತ್ರಭಾಗ). ಹಾಸಿನ ಎಳೆಗಳು ಒಟ್ಟಿಗೆ ಕಿತ್ತುಹೋದರೆ ಸರಿಮಾಡೋಕೆ ಇನ್ನೊಬ್ಬ. ಎಣ್ಣೆ ಬಿಡೋಕೆ ಒಬ್ಬ, ಗುಡಿಸೋಕೆ ಒಬ್ಬ. ಕಾಗದದ ಮೇಲೆ ಅಚ್ಚುಕಟ್ಟು. ಆದರೆ ನೇಕಾರನಿಗೆ 24 ಅಥವಾ 32 ಮಗ್ಗ, ಬ್ಯಾಟರಿ ತುಂಬುವವನಿಗೆ 40 ಅಥವಾ 50, ಎಳೆ ರಿಪೇರಿಯವನಿಗೆ 60 ಅಥವಾ 80. ಈ ಲೆಕ್ಕಗಳು ಒಂದಕ್ಕೊಂದು ಕೂಡಿಬರಲ್ಲ. ಒಬ್ಬ ನೇಕಾರನ ಪಾಲಿಗೆ ಬರೋದು ಅರ್ಧಕ್ಕಿಂತ ಚೂರು ಹೆಚ್ಚು ಬ್ಯಾಟರಿಯವನು, ಅರ್ಧಕ್ಕಿಂತ ಚೂರು ಕಮ್ಮಿ ರಿಪೇರಿಯವನು! ಅರ್ಧ ಮನುಷ್ಯನನ್ನ ಕೂಗಿದರೆ ಅವನು ಬರೋದು ಯಾವಾಗ? ಇನ್ನೊಬ್ಬ ನೇಕಾರನ ಕೆಲಸ ಮುಗಿದ ಮೇಲೆ. ಅಷ್ಟು ಹೊತ್ತೂ ಮಗ್ಗ ನಿಂತಿರುತ್ತೆ, ಸಂಬಂಧವೂ ಕೆಡುತ್ತೆ. ತಪ್ಪು ಯಾರದು ಅಂತ ಕೇಳಿದರೆ 29 ಜನರೂ ಪಕ್ಕದವರನ್ನು ತೋರಿಸಬಹುದು, ಮತ್ತು 29 ಜನ ಹೇಳಿದ್ದೂ ನಿಜವೇ ಇರಬಹುದು.

ರೈಸ್ ಮುಂದಿಟ್ಟ ಆಲೋಚನೆ ಸರಳ. ಒಂದಿಷ್ಟು ಮಗ್ಗಕ್ಕೆ ಒಂದೇ ಗುಂಪು, ಏಳು ಜನರ ಆಸುಪಾಸು. ಆ ಮಗ್ಗಗಳ ಪೂರ್ತಿ ಜವಾಬ್ದಾರಿ ಆ ಗುಂಪಿನದು, ಯಾರು ಯಾವಾಗ ಯಾರಿಗೆ ಕೈ ಜೋಡಿಸಬೇಕು ಅನ್ನೋದು ಅವರವರ ತೀರ್ಮಾನ. ಮ್ಯಾನೇಜರು, ಮೇಲ್ವಿಚಾರಕರ ಜೊತೆ ಮಾತಾಡ್ತಾ ಈ ವಿಷಯ ಶೆಡ್ಡಿಗೆ ತಲುಪಿತು. ವಿವರವಾದ ಯೋಜನೆ ಇನ್ನೂ ತಯಾರಾಗಿರಲಿಲ್ಲ, ಅಷ್ಟರಲ್ಲೇ ಮರುದಿನದೊಳಗೆ ಕಾರ್ಮಿಕರೇ ತಮ್ಮ ತಮ್ಮ ಗುಂಪು ಕಟ್ಟಿಕೊಂಡು ಬಂದಿದ್ದರು. ನನಗೆ ಇಡೀ ಕಥೆಯಲ್ಲಿ ಮೈ ಜುಮ್ಮೆನಿಸಿದ ಸಾಲು ಇದು. ಸಮಸ್ಯೆ ಏನು ಅಂತ ಅವರಿಗೆ ಮೊದಲೇ ಗೊತ್ತಿತ್ತು. ಕೇಳಿದವರು ಇರಲಿಲ್ಲ ಅಷ್ಟೇ.

ಫಲಿತಾಂಶ? ಮಗ್ಗಗಳ ಕಾರ್ಯಕ್ಷಮತೆ ಶೇಕಡಾ 80ರ ಆಸುಪಾಸಿನಿಂದ 95ರ ಆಸುಪಾಸಿಗೆ ಏರಿತು. ದೋಷದ ಬಟ್ಟೆ ಶೇಕಡಾ 32ರಿಂದ 20ಕ್ಕೆ ಇಳಿಯಿತು. ಅವೇ ಮಗ್ಗ, ಅದೇ ಜನ.

ಇಲ್ಲಿಗೆ ಚಪ್ಪಾಳೆ ಹೊಡೆದು ಮುಗಿಸಬಹುದು, ಆದರೆ ಲ್ಯಾಬ್ ರೆಕಾರ್ಡಿನ ಮೇಷ್ಟ್ರು ಬಿಡಲ್ಲ. ಹೋಲಿಸಿ ನೋಡೋಕೆ, ಏನೂ ಬದಲಾಯಿಸದೆ ಪಕ್ಕದಲ್ಲಿ ಬಿಟ್ಟ ಅಂಥದೇ ಇನ್ನೊಂದು ಶೆಡ್ ಎಲ್ಲಿ? ಲಂಡನ್ನಿಂದ ಬಂದ ಸಾಹೇಬರು ನೋಡ್ತಿದ್ದಾರೆ ಅಂತಲೇ ಜನ ಹುರುಪಿನಿಂದ ಕೆಲಸ ಮಾಡಿರಬಾರದೇಕೆ? ಅಮೆರಿಕದ ಹಾಥಾರ್ನ್ ಕಾರ್ಖಾನೆಯಲ್ಲಿ ದೀಪ ಹೆಚ್ಚು ಮಾಡಿದರೂ ಕಮ್ಮಿ ಮಾಡಿದರೂ ಉತ್ಪಾದನೆ ಏರಿತು ಅನ್ನೋ ಕಥೆಯನ್ನ ಎಂಬಿಎ ಓದಿದವರೆಲ್ಲ ಹೇಳ್ತಾರೆ. ಮಜಾ ಏನು ಗೊತ್ತಾ, ದಶಕಗಳ ನಂತರ ಆ ಮೂಲ ಅಂಕಿಗಳನ್ನು ಹುಡುಕಿ ತೆಗೆದು ಮತ್ತೆ ಲೆಕ್ಕ ಹಾಕಿದಾಗ ಆ ಕಥೆಯೂ ನಿಲ್ಲಲಿಲ್ಲ. ಕ್ಲಾಸಿನಲ್ಲಿ ಮಾತ್ರ ಇನ್ನೂ ಓಡ್ತಾ ಇದೆ.

ಅಹ್ಮದಾಬಾದಿನ ಕೊರತೆ ತುಂಬಿದ್ದು 55 ವರ್ಷಗಳ ನಂತರ. 2008ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಮುಂಬೈ ಹತ್ತಿರದ ಬಟ್ಟೆ ಕಾರ್ಖಾನೆಗಳಿಗೆ ಬಂದರು. ಔಷಧ ಪರೀಕ್ಷೆ ಮಾಡ್ತಾರಲ್ಲ, ಅದೇ ಕ್ರಮ. 17 ಕಂಪನಿಗಳು. ಚೀಟಿ ಎತ್ತಿದ ಹಾಗೆ ಆರಿಸಿ, 14 ಕಾರ್ಖಾನೆಗಳಿಗೆ ತಿಂಗಳುಗಟ್ಟಲೆ ಆಡಳಿತದ ಸಲಹೆ. ಇನ್ನು 6 ಕಾರ್ಖಾನೆಗಳಲ್ಲಿ ಪರಿಶೀಲನೆ ಮಾತ್ರ. ಸಲಹೆ ಅಂದರೆ ರಾಕೆಟ್ ವಿಜ್ಞಾನ ಅಲ್ಲ. ಗೋದಾಮಿನ ನೂಲಿಗೆ ಚೀಟಿ ಅಂಟಿಸಿ. ಯಂತ್ರ ಕೆಟ್ಟುನಿಂತದ್ದನ್ನ ಬರೆದಿಡಿ. ದೋಷದ ಬಟ್ಟೆಯನ್ನ ದಿನಾ ಎಣಿಸಿ, ಕಾರಣ ಮಾತಾಡಿ. ನೆಲದ ಕಸ ತೆಗೀರಿ. ಇಂಥವು 38. ಒಂದೇ ವರ್ಷದಲ್ಲಿ ಉತ್ಪಾದಕತೆ ಶೇಕಡಾ 17 ಏರಿತು. ಇಷ್ಟು ಸುಲಭವಾದದ್ದನ್ನ ಮಾಲೀಕರು ಮೊದಲೇ ಯಾಕೆ ಮಾಡಿರಲಿಲ್ಲ? ಕೆಲವರಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದವರಿಗೆ, ನಮ್ಮ ಕಾರ್ಖಾನೆಗೆ ಅದರಿಂದ ಲಾಭ ಆಗುತ್ತೆ ಅಂತ ನಂಬಿಕೆ ಇರಲಿಲ್ಲ. ಲಾಭ ಬರ್ತಾ ಇದೆಯಲ್ಲ, ಇನ್ನೇನು ಬೇಕು ಅನ್ನೋ ಧೋರಣೆ.

ಆರೇ ಕಾರ್ಖಾನೆಗಳ ಹೋಲಿಕೆ ಚಿಕ್ಕದು, ಒಪ್ಪುತ್ತೇನೆ. ಆದರೆ ಈ ಎರಡೂ ಪ್ರಯೋಗಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಶೇಕಡಾವಾರು ಅಲ್ಲ. ಎರಡೂ ಕಡೆ ವರ್ಷಗಳ ನಂತರ ಹೋಗಿ ಬಾಗಿಲು ತಟ್ಟಿದರು. ಹೇಳಿದ್ದು ಉಳಿದಿದೆಯಾ, ಅಳಿದಿದೆಯಾ? ನಾವು ಟಿವಿಯವರು ಎಷ್ಟು ಸುದ್ದಿಗೆ ಹೀಗೆ ವಾಪಸ್ ಹೋಗಿದ್ದೀವಿ ಅಂತ ದಯವಿಟ್ಟು ಕೇಳಬೇಡಿ.

ಮುಂಬೈ ಕಾರ್ಖಾನೆಗಳಿಗೆ 2017ರಲ್ಲಿ ಹೋದಾಗ ಕಲಿಸಿದ ಪದ್ಧತಿಗಳಲ್ಲಿ ಸುಮಾರು ಅರ್ಧ ಬಿಟ್ಟುಹೋಗಿದ್ದವು. ಕಾರ್ಖಾನೆಯ ಮ್ಯಾನೇಜರ್ ಬದಲಾಗಿದ್ದು, ಮಾಲೀಕರಿಗೆ ಪುರಸೊತ್ತಿಲ್ಲದ್ದು ಮುಖ್ಯ ಕಾರಣ. ಆದರೂ ಸಲಹೆ ಪಡೆದವರು ಪಡೆಯದವರಿಗಿಂತ ಮುಂದೇ ಇದ್ದರು. ಅಹ್ಮದಾಬಾದಿಗೆ 1970ರಲ್ಲಿ ಟ್ಯಾವಿಸ್ಟಾಕ್‌ನ ಎರಿಕ್ ಮಿಲ್ಲರ್ ಮರಳಿ ಹೋದರು. ಗುಂಪು ಪದ್ಧತಿ ಅಷ್ಟರಲ್ಲಿ ಗಿರಣಿಯ ಬೇರೆ ಶೆಡ್ಡುಗಳಿಗೂ ಹೋಗಿತ್ತು. ಹಲವು ಕಡೆ ಅದು ಬಹಳಷ್ಟು ಸವೆದುಹೋಗಿತ್ತು. ಒಂದು ಶೆಡ್ಡಿನಲ್ಲಿ ಮಾತ್ರ, ಸಾದಾ ಮಗ್ಗಗಳ ಶೆಡ್ಡಿನಲ್ಲಿ, ಒಂದೂವರೆ ದಶಕ ಕಳೆದರೂ ಗುಂಪುಗಳು ಹಾಗೇ ಇದ್ದವು, ಕೆಲಸದ ಮಟ್ಟವೂ ಹೆಚ್ಚುಕಮ್ಮಿ ಹಾಗೇ ಇತ್ತು.

ಇದನ್ನೆಲ್ಲ ಓದಿಕೊಂಡ ಮೇಲೆ ದುಡಿಮೆಯ ಗಂಟೆಗಳ ಚರ್ಚೆ ಮತ್ತೆ ಬಂತು. ಈ ಸಲ ಉದ್ಯಮಿಯವರನ್ನು ಕೇಳಿಯೇಬಿಟ್ಟೆ: "ಸರ್, ನಿಮ್ಮ ಎರಡು ಆಫೀಸಿನಲ್ಲಿ ಒಂದಕ್ಕೆ ಗಂಟೆ ಹೆಚ್ಚು ಮಾಡಿ, ಇನ್ನೊಂದಕ್ಕೆ ಹಾಗೇ ಬಿಟ್ಟು, ಒಂದು ವರ್ಷ ನೋಡಿದ್ದೀರಾ?" ಅವರು ನಕ್ಕರು. ಕಾರ್ಮಿಕ ಮುಖಂಡರೂ ನಕ್ಕರು. ಇಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು. ಅಷ್ಟರಲ್ಲಿ ಕಿವಿಯೊಳಗೆ ಪ್ರೊಡ್ಯೂಸರ್ ಹುಡುಗನ ದನಿ: "ಸರ್, ಡಲ್ ಆಗ್ತಿದೆ, ಬ್ರೇಕ್ ತಗೊಳ್ಳಿ." ಡಲ್ ಆಗ್ತಿದೆ ಅಂತ ಯಾವ ಅಂಕಿ ನೋಡಿ ಹೇಳಿದೆ ಅಂತ ಬ್ರೇಕಿನಲ್ಲಿ ಅವನನ್ನ ಕೇಳಿದೆ. "ಹಂಗೆ ಅನ್ನಿಸ್ತು ಸರ್" ಅಂದ.