ಆಡುಸೋಗೆಯ ಎಲೆಗೆ ಪ್ರಯೋಗಾಲಯದ ಪರೀಕ್ಷೆ

ನಾವು ಆಡುಸೋಗೆ ಎನ್ನುವ ಹಿತ್ತಿಲ ಗಿಡವು ಮಲಯಾಳಂನಲ್ಲಿ ಆಡಲೋಡಕಂ, ತಮಿಳಿನಲ್ಲಿ ಆಡಾತೋಡೈ, ಮರಾಠಿಯಲ್ಲಿ ಅಡುಳಸಾ, ತೆಲುಗಿನಲ್ಲಿ ಅಡ್ಡಸರಂ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಜಸ್ಟೀಸಿಯಾ ಅಧಾತೋಡ. ಮೂಲಿಕೆಯೊಂದು ರೋಗಾಣುಗಳನ್ನು ತಡೆಯಬಲ್ಲುದೇ ಎಂಬ ಪರೀಕ್ಷೆಯ ಮೊದಲ ಹೆಜ್ಜೆ ಇಂತಹ ಖಚಿತ ಗುರುತು.

ಒಣಗಿಸಿ ಪುಡಿಮಾಡಿದ ಎಲೆಯ ಸಾರವನ್ನು ನೀರಿನಲ್ಲಿಯೂ ಎಥನಾಲಿನಲ್ಲಿಯೂ ಬೇರೆಬೇರೆಯಾಗಿ ತೆಗೆಯುತ್ತಾರೆ. ಒಂದರಲ್ಲಿ ಕರಗದ ಅಂಶ ಇನ್ನೊಂದರಲ್ಲಿ ಕರಗಬಹುದು. ಬ್ಯಾಕ್ಟೀರಿಯಾ ಸವರಿದ ಅಗರ್ ತಟ್ಟೆಯ ಮೇಲೆ ಸಾರ ಹೀರಿಸಿದ ಕಾಗದದ ಬಿಲ್ಲೆಯನ್ನಿಟ್ಟು, ಸುಮಾರು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 18ರಿಂದ 24 ಗಂಟೆ ಇರಿಸುತ್ತಾರೆ. ಬಳಿಕ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯವನ್ನು ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ. ಹೋಲಿಕೆಗಾಗಿ ಬರಿಯ ಎಥನಾಲಿನ ಬಿಲ್ಲೆ, ಆ್ಯಂಟಿಬಯಾಟಿಕ್ ಬಿಲ್ಲೆ ಎರಡೂ ಇರಬೇಕು. ಇಲ್ಲವಾದರೆ ಬ್ಯಾಕ್ಟೀರಿಯಾವನ್ನು ತಡೆದದ್ದು ಎಲೆಯೋ ಎಥನಾಲೋ ತಿಳಿಯದು.

ವಲಯ ಮೂಡಿದ ಮಾತ್ರಕ್ಕೆ ಸಾರವು ಔಷಧವಾಗದು. ಸಾಕಾಗುವ ಕನಿಷ್ಠ ಪ್ರಮಾಣವೆಷ್ಟು, ಅದು ನಮ್ಮ ಜೀವಕೋಶಗಳಿಗೆ ಹಾನಿಕರವೇ, ದೇಹದೊಳಗೆ ಕೆಲಸಮಾಡುವುದೇ ಎಂಬ ಪರೀಕ್ಷೆಗಳು ಉಳಿದಿರುತ್ತವೆ. ವಲಯ ಮೂಡದಿದ್ದರೆ ಗಿಡ ನಿರುಪಯುಕ್ತವೆಂದೂ ಅಲ್ಲ. ಕಫವನ್ನು ಸಡಿಲಿಸುವ ಬ್ರೋಮ್‌ಹೆಕ್ಸಿನ್ ಔಷಧಕ್ಕೆ ಆಡುಸೋಗೆಯ ವ್ಯಾಸಿಸಿನ್ ಆಧಾರವಾಯಿತು. ಅದರ ಕೆಲಸ ರೋಗಾಣುನಾಶವಲ್ಲ. ಹೀಗಾಗಿ ಮನೆಯ ಕಷಾಯವನ್ನು ನಾವು ಗೌರವಿಸೋಣ. ವೈದ್ಯರು ಬರೆದುಕೊಟ್ಟ ಆ್ಯಂಟಿಬಯಾಟಿಕ್‌ಗೆ ಅದನ್ನು ಬದಲಿಯಾಗಿಸದಿರೋಣ.